ಪ್ರೋಟೀನ್ ಇದೆ, ಹಿಡಿತ ಇಲ್ಲ: ಸ್ನಾಯುವಿನ ಸಕ್ಕರೆ ಸರಪಳಿ ಪರೀಕ್ಷಿಸುವ ನನ್ನ ಅನುಭವ

ಸ್ನಾಯುಕ್ಷಯದ ಬಯಾಪ್ಸಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ನಮ್ಮಲ್ಲಿಗೆ ಬರುವ ಹೆಚ್ಚಿನ ಮಾದರಿಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇಂಥ ಪ್ರೋಟೀನ್ ಇದೆಯೋ, ಇಲ್ಲವೋ? ಡ್ಯುಶೆನ್ ಎಂಬ ಸ್ನಾಯುಕ್ಷಯದ ಮಗುವಿನ ಸ್ನಾಯುವಿನಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇರುವುದಿಲ್ಲ. ಸ್ಲೈಡ್ ನೋಡಿದರೆ ಗೊತ್ತಾಗುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಪ್ರೋಟೀನ್ ಪೂರ್ತಿಯಾಗಿ ಇದ್ದು, ಇರಬೇಕಾದ ಜಾಗದಲ್ಲೇ ಕುಳಿತಿದ್ದು, ಕೆಲಸ ಮಾತ್ರ ಮಾಡದೆ ಇರುವ ಒಂದು ಗುಂಪಿನ ಕಾಯಿಲೆಗಳಿವೆ. ಅವುಗಳಲ್ಲಿ ಕೆಟ್ಟಿರುವುದು ಪ್ರೋಟೀನ್ ಅಲ್ಲ, ಅದರ ಮೇಲೆ ಕಿಣ್ವಗಳು ಕಟ್ಟಬೇಕಾದ ಸಕ್ಕರೆಯ ಸರಪಳಿ. ಆ ಸರಪಳಿ ಇದೆಯೇ, ಎಷ್ಟಿದೆ, ಹಿಡಿಯಬೇಕಾದ್ದನ್ನು ಹಿಡಿಯುತ್ತದೆಯೇ ಎಂದು ನಾನು ಹೇಗೆ ನೋಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಜೀವರಸಾಯನ ಓದುತ್ತಿರುವವರಿಗೂ, ಮಗುವಿನ ರಿಪೋರ್ಟಿನಲ್ಲಿ ಈ ಗುಂಪಿನ ಹೆಸರಾದ ‘ಡಿಸ್ಟ್ರೋಗ್ಲೈಕನೋಪತಿ’ ಎಂಬ ಪದ ಕಂಡು ಗಾಬರಿಯಾದ ಮನೆಯವರಿಗೂ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಆ ಪ್ರೋಟೀನಿನ ಹೆಸರು ಡಿಸ್ಟ್ರೋಗ್ಲೈಕಾನ್. 1992ರಲ್ಲಿ ಅಮೆರಿಕದ ಅಯೋವಾದಲ್ಲಿ ಕೆವಿನ್ ಕ್ಯಾಂಪ್‌ಬೆಲ್ ಅವರ ತಂಡ ಅದರ ಜೀನನ್ನು ಗುರುತಿಸಿತು. 895 ಅಮೈನೋ ಆಮ್ಲಗಳ ಒಂದೇ ಎಳೆಯಾಗಿ ಹುಟ್ಟಿ, ಆಮೇಲೆ ಆಲ್ಫಾ, ಬೀಟಾ ಎಂದು ಎರಡು ತುಂಡಾಗುತ್ತದೆ. ಬೀಟಾ ತುಂಡು ಕೋಶಪೊರೆಯನ್ನು ತೂರಿ ನಿಂತು, ಒಳಗಡೆ ಡಿಸ್ಟ್ರೋಫಿನ್‌ಗೆ ಅಂಟಿಕೊಳ್ಳುತ್ತದೆ. ಆಲ್ಫಾ ತುಂಡು ಪೊರೆಯ ಹೊರಗೆ ಬೀಟಾದ ಮೇಲೆ ಕುಳಿತು, ಸ್ನಾಯು ತಂತುವಿನ ಸುತ್ತಲಿರುವ ಜಾಲದ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ನಾವು ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಸ್ನಾಯು ಎಳೆದು ಬಿಡುವ ಬಲವನ್ನೆಲ್ಲ ಪೊರೆ ತಡೆದುಕೊಳ್ಳುವುದು ಒಳಗಿನಿಂದ ಹೊರಗಿನವರೆಗೆ ಇರುವ ಈ ಸಂಪರ್ಕದಿಂದ. ಅದು ಎಲ್ಲಾದರೂ ಕಡಿದರೆ ಪೊರೆ ಹರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ತಂತು ಸಾಯುತ್ತದೆ. ರಕ್ತದಲ್ಲಿ ಸಿಕೆ ಎಂಬ ಕಿಣ್ವದ ಮಟ್ಟ ಸಾವಿರಗಳಿಗೆ ಏರುವುದು ಇದೇ ಕಾರಣಕ್ಕೆ.

ಇಲ್ಲೊಂದು ವಿಶೇಷವಿದೆ. ಆಲ್ಫಾ ಡಿಸ್ಟ್ರೋಗ್ಲೈಕಾನ್ ಲ್ಯಾಮಿನಿನ್ನನ್ನು ಹಿಡಿಯುವುದು ತನ್ನ ಅಮೈನೋ ಆಮ್ಲಗಳಿಂದಲ್ಲ. ಹಿಡಿತ ಪೂರ್ತಿ ಸಕ್ಕರೆಯದ್ದು. ಅಮೈನೋ ಆಮ್ಲಗಳ ಲೆಕ್ಕ ಹಾಕಿದರೆ ಆಲ್ಫಾ ತುಂಡು ಸುಮಾರು 72 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಗಬೇಕು. ಸ್ನಾಯುವಿನಿಂದ ತೆಗೆದು, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿದರೆ 156ರ ಸುತ್ತ ದಪ್ಪನೆಯ, ಅಂಚು ಕರಗಿದ ಪಟ್ಟಿಯಾಗಿ ಕಾಣುತ್ತದೆ. ಮಿದುಳಿನಿಂದ ತೆಗೆದರೆ 120ರ ಸುತ್ತ. ಒಂದೇ ಜೀನಿನ ಒಂದೇ ಪ್ರೋಟೀನ್, ಅಂಗಾಂಶ ಬದಲಾದರೆ ಅದರ ಮೈಮೇಲಿನ ಸಕ್ಕರೆ ಬದಲಾಗುತ್ತದೆ.

ಈ ಸಕ್ಕರೆ ಯಾರು ಕಟ್ಟುತ್ತಾರೆ? ಡಿಎನ್‌ಎಯಲ್ಲಿ ಸಕ್ಕರೆಯ ಅನುಕ್ರಮ ಬರೆದಿರುವುದಿಲ್ಲ, ಬರೆದಿರುವುದು ಕಿಣ್ವಗಳದ್ದು ಮಾತ್ರ. ಒಂದು ಕಿಣ್ವ ಇಟ್ಟ ಸಕ್ಕರೆಯನ್ನು ಗುರುತು ಹಿಡಿದು ಮುಂದಿನದು ತನ್ನದನ್ನು ಇಡುತ್ತದೆ. ಮೊದಲು ಕೋಶದೊಳಗೆ ಪ್ರೋಟೀನ್ ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಗದಲ್ಲಿ ಪಿಒಎಂಟಿ1, ಪಿಒಎಂಟಿ2 ಎಂಬ ಜೋಡಿ ಕಿಣ್ವಗಳು ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಮೇಲೆ ಮ್ಯಾನೋಸ್ ಎಂಬ ಒಂದು ಸಕ್ಕರೆ ಇಡುತ್ತವೆ. ಅದರ ಮೇಲೆ ಪಿಒಎಂಜಿಎನ್‌ಟಿ2 ಒಂದು ಎನ್-ಅಸಿಟೈಲ್‌ಗ್ಲುಕೋಸಮೈನ್, ಬಿ3ಗ್ಯಾಲ್‌ಎನ್‌ಟಿ2 ಒಂದು ಎನ್-ಅಸಿಟೈಲ್‌ಗ್ಯಾಲಕ್ಟೋಸಮೈನ್ ಸೇರಿಸುತ್ತವೆ. ಈ ಮೂರೂ ಸೇರಿದ ಮೇಲೆ ಪಿಒಎಂಕೆ ಬಂದು ಮ್ಯಾನೋಸಿಗೆ ಫಾಸ್ಫೇಟ್ ಅಂಟಿಸುತ್ತದೆ. ಮುಂದೆ ಪ್ರೋಟೀನುಗಳನ್ನು ಸಿದ್ಧಮಾಡಿ ಕಳಿಸುವ ಗಾಲ್ಜಿ ಎಂಬ ಭಾಗದಲ್ಲಿ ಫುಕುಟಿನ್ ಒಂದು ರೈಬಿಟಾಲ್ ಫಾಸ್ಫೇಟ್, ಎಫ್‌ಕೆಆರ್‌ಪಿ ಇನ್ನೊಂದು ರೈಬಿಟಾಲ್ ಫಾಸ್ಫೇಟ್ ಇಡುತ್ತವೆ. ಇವಕ್ಕೆ ಬೇಕಾದ ಕಚ್ಚಾವಸ್ತು ಸಿಡಿಪಿ-ರೈಬಿಟಾಲ್ ತಯಾರಿಸಿಕೊಡುವುದು ಐಎಸ್‌ಪಿಡಿ. ಆಮೇಲೆ ಟಿಎಂಇಎಂ5 ಒಂದು ಕ್ಸೈಲೋಸ್, ಬಿ4ಗ್ಯಾಟ್1 ಒಂದು ಗ್ಲುಕ್ಯುರೋನಿಕ್ ಆಮ್ಲ. ಇಷ್ಟೂ ಬರೀ ತಳಪಾಯ.

ಅಸಲು ಹಿಡಿಯುವ ಭಾಗವನ್ನು ಕಟ್ಟುವುದು ಲಾರ್ಜ್1. ಒಂದೇ ಪ್ರೋಟೀನಿನೊಳಗೆ ಎರಡು ಕಿಣ್ವದ ಭಾಗಗಳಿವೆ: ಒಂದು ಕ್ಸೈಲೋಸ್ ಇಡುತ್ತದೆ, ಇನ್ನೊಂದು ಗ್ಲುಕ್ಯುರೋನಿಕ್ ಆಮ್ಲ ಇಡುತ್ತದೆ, ಮತ್ತೆ ಕ್ಸೈಲೋಸ್, ಮತ್ತೆ ಗ್ಲುಕ್ಯುರೋನಿಕ್ ಆಮ್ಲ. ಮಲ್ಲಿಗೆ, ಕನಕಾಂಬರ ಒಂದಾದ ಮೇಲೊಂದು ಇಟ್ಟು ಕಟ್ಟಿದ ಮಾಲೆಯ ಹಾಗೆ ಉದ್ದವಾಗುತ್ತಾ ಹೋಗುವ ಈ ಸರಪಳಿಗೆ ಮ್ಯಾಟ್ರಿಗ್ಲೈಕಾನ್ ಎಂದು ಹೆಸರು. ಲಾರ್ಜ್ ಇದನ್ನು ಮಾಡುತ್ತದೆ ಎಂದು ಖಚಿತವಾದದ್ದು 2012ರಲ್ಲಿ. ರೈಬಿಟಾಲ್ ಕಂತು ಗೊತ್ತಾದದ್ದು ಇನ್ನೂ ಈಚೆಗೆ, 2016ರಲ್ಲಿ. ಅದುವರೆಗೆ ರೈಬಿಟಾಲ್ ಫಾಸ್ಫೇಟ್ ಎಂದರೆ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಸಾಮಗ್ರಿ ಎಂದೇ ನಾವೆಲ್ಲ ಓದಿದ್ದು. ನಮ್ಮ ತೊಡೆಯ ಸ್ನಾಯುವಿನಲ್ಲೂ ಅದು ಇದೆ ಎಂದು ಓದಿದ ದಿನ ನನಗಾದ ಸಂತೋಷ ಇನ್ನೂ ಹಾಗೇ ಇದೆ.

ಈ ಸಾಲಿನಲ್ಲಿ ಯಾವ ಕಿಣ್ವ ತಪ್ಪಿದರೂ ಕೊನೆಯ ಸರಪಳಿ ಬರುವುದಿಲ್ಲ, ಅಥವಾ ಅರ್ಧಂಬರ್ಧ ಬರುತ್ತದೆ. ಹಾಗಾಗಿ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಗುರುತಾದ ಕಾಯಿಲೆಗಳು ಕಡೆಗೆ ಒಂದೇ ಕಡೆ ಬಂದು ಸೇರಿದವು. ಜಪಾನಿನಲ್ಲಿ 1960ರಲ್ಲಿ ಫುಕುಯಾಮಾ ವಿವರಿಸಿದ ಹುಟ್ಟುಸ್ನಾಯುಕ್ಷಯ, ಫಿನ್ಲೆಂಡಿನಲ್ಲಿ ಹೆಚ್ಚಾಗಿ ಕಂಡ ಸ್ನಾಯು-ಕಣ್ಣು-ಮಿದುಳು ಕಾಯಿಲೆ, ಎಲ್ಲಕ್ಕಿಂತ ತೀವ್ರವಾದ ವಾಕರ್-ವಾರ್ಬರ್ಗ್, ಉತ್ತರ ಯುರೋಪಿನಲ್ಲಿ ದೊಡ್ಡವರಾದ ಮೇಲೂ ಶುರುವಾಗಬಹುದಾದ ಎಫ್‌ಕೆಆರ್‌ಪಿ ಕಾಯಿಲೆ, ಎಲ್ಲದರ ಬೇರು ಈ ಸಾಲಿನಲ್ಲೇ. ಮಿದುಳು ಯಾಕೆ ಸೇರಿಕೊಂಡಿತು ಎಂದರೆ, ಭ್ರೂಣದ ಮಿದುಳಿನಲ್ಲಿ ನರಕೋಶಗಳು ತಮ್ಮ ಪದರ ಸೇರುವಾಗ ಹೊರಮೈಯ ಪೊರೆಯ ಗಡಿ ಭದ್ರವಾಗಿರಬೇಕು. ಆ ಗಡಿಗೂ ಇದೇ ಹಿಡಿತ ಬೇಕು.

ಇನ್ನು ಕೆಲಸದ ವಿಚಾರ.

ಮೊದಲ ಮಾತು ಬಯಾಪ್ಸಿ ಬರುವ ರೀತಿಯದ್ದು. ಫಾರ್ಮಲಿನ್‌ನಲ್ಲಿ ಮುಳುಗಿಸಿ ತಂದ ತುಂಡು ನನ್ನ ಈ ಪರೀಕ್ಷೆಗೆ ಬರುವುದಿಲ್ಲ. ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಐಸ್ ಮೇಲಿಟ್ಟು ಬೇಗ ತಂದದ್ದನ್ನು ದ್ರವ ಸಾರಜನಕದಲ್ಲಿ ತಣಿಸಿದ ಐಸೋಪೆಂಟೇನ್‌ನಲ್ಲಿ ಅದ್ದಿ ಹೆಪ್ಪುಗಟ್ಟಿಸುತ್ತೇನೆ. ನೇರ ದ್ರವ ಸಾರಜನಕಕ್ಕೆ ಹಾಕಿದರೆ ಸುತ್ತ ಆವಿಯ ಪದರ ಕಟ್ಟಿಕೊಂಡು ತಣಿಯುವುದು ನಿಧಾನವಾಗುತ್ತದೆ, ತಂತುಗಳೊಳಗೆ ಮಂಜಿನ ಹರಳು ಕೂತು ತೂತು ತೂತಾಗುತ್ತದೆ. ಅರ್ಧ ತುಂಡು ಸ್ಲೈಡಿಗೆ, ಅರ್ಧ ಬ್ಲಾಟಿಗೆ, ಅಂದರೆ ಪ್ರೋಟೀನುಗಳನ್ನು ಜೆಲ್ ಮೇಲೆ ಬೇರ್ಪಡಿಸಿ ಒಂದು ಹಾಳೆಗೆ ವರ್ಗಾಯಿಸಿ ನೋಡುವ ಪರೀಕ್ಷೆಗೆ.

ಸ್ಲೈಡಿನಲ್ಲಿ ನಾನು ಒಂದೇ ಪ್ರತಿಕಾಯವನ್ನು ನಂಬಿ ಕೂರುವುದಿಲ್ಲ. ಐಐಎಚ್6 ಎಂಬ ಮೋನೋಕ್ಲೋನಲ್ ಪ್ರತಿಕಾಯ ಸಕ್ಕರೆ ಸರಪಳಿಯನ್ನೇ ಗುರುತು ಹಿಡಿಯುತ್ತದೆ. ಅದು ಹೊಳೆಯದೆ ಕಪ್ಪಾಗಿ ಕಂಡರೆ ಸರಪಳಿ ಇಲ್ಲ ಎಂದು ಹೇಳುವ ಮೊದಲು ಪ್ರೋಟೀನ್ ಇದೆಯೇ ಎಂದು ಕೇಳಬೇಕು. ಹಾಗಾಗಿ ಪಕ್ಕದ ಛೇದಗಳಲ್ಲಿ ಆಲ್ಫಾದ ಪ್ರೋಟೀನ್ ಭಾಗವನ್ನು ಹಿಡಿಯುವ ಪ್ರತಿಕಾಯ, ಬೀಟಾ ಡಿಸ್ಟ್ರೋಗ್ಲೈಕಾನ್, ಡಿಸ್ಟ್ರೋಫಿನ್, ಸ್ನಾಯುವಿನ ಲ್ಯಾಮಿನಿನ್‌ನ ಒಂದು ಭಾಗವಾದ ಲ್ಯಾಮಿನಿನ್ ಆಲ್ಫಾ2 ಎಲ್ಲವನ್ನೂ ನೋಡುತ್ತೇನೆ. ಡಿಸ್ಟ್ರೋಫಿನ್ ಇಲ್ಲದಿದ್ದರೆ ಅದರ ಜೊತೆಗಿರುವ ಪ್ರೋಟೀನುಗಳ ಇಡೀ ಗುಂಪೇ ಪೊರೆಯಿಂದ ಕಡಿಮೆಯಾಗುತ್ತದೆ, ಆಗ ಐಐಎಚ್6 ಮಂಕಾದರೂ ತಪ್ಪು ಸಕ್ಕರೆಯದ್ದಲ್ಲ. ಲ್ಯಾಮಿನಿನ್ ಆಲ್ಫಾ2 ಪೂರಾ ಕಾಣೆಯಾಗಿದ್ದು ಐಐಎಚ್6 ಚೆನ್ನಾಗಿದ್ದರೆ ಕಾಯಿಲೆ ಇನ್ನೊಂದು ತುದಿಯದ್ದು: ಹಿಡಿಯುವ ಸಕ್ಕರೆ ಇದೆ, ಹಿಡಿಯಲು ಲ್ಯಾಮಿನಿನ್ ಇಲ್ಲ. ಉಳಿದದ್ದೆಲ್ಲ ಇದ್ದು ಐಐಎಚ್6 ಮಾತ್ರ ಹೋಗಿದ್ದರೆ ಆಗ ನನ್ನ ಗಮನ ಕಿಣ್ವಗಳ ಸಾಲಿನ ಕಡೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಒಂದು ಮಾತು: ಐಐಎಚ್6 ಇಲಿಯ ಪ್ರತಿಕಾಯಗಳಲ್ಲಿ ಐಜಿಎಂ ವರ್ಗದ್ದು. ಅದನ್ನು ಹಿಡಿದು ತೋರಿಸಬೇಕಾದ ಎರಡನೇ ಪ್ರತಿಕಾಯವಾಗಿ, ಐಜಿಜಿ ಎಂಬ ಇನ್ನೊಂದು ವರ್ಗವನ್ನು ಮಾತ್ರ ಹಿಡಿಯುವುದನ್ನು ಹಾಕಿದರೆ ಎಲ್ಲ ರೋಗಿಗಳಿಗೂ ಡಿಸ್ಟ್ರೋಗ್ಲೈಕನೋಪತಿ ಇದ್ದ ಹಾಗೆ ಕಾಣುತ್ತದೆ. ಸಹಜ ಸ್ನಾಯುವಿನ ತುಂಡು ಅದೇ ಸ್ಲೈಡಿನ ಮೇಲೆ ಇರಲೇಬೇಕು.

ಬ್ಲಾಟಿಗೆ ಸ್ನಾಯುವನ್ನು ಶೇಕಡಾ 1 ಟ್ರೈಟಾನ್ ಎಂಬ ಮಾರ್ಜಕ ಇರುವ ಬಫರಿನಲ್ಲಿ ಅರೆದು ಕರಗಿಸುತ್ತೇನೆ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವಗಳನ್ನು ತಡೆಯುವ ಔಷಧಗಳು ಧಾರಾಳವಾಗಿ ಇರಬೇಕು. ಹಾಗೇ ಬ್ಲಾಟ್ ಮಾಡಿದರೆ ಡಿಸ್ಟ್ರೋಗ್ಲೈಕಾನ್ ಬಹಳ ಕಡಿಮೆ, ಆದ್ದರಿಂದ ಗೋಧಿ ಮೊಳಕೆಯ ಲೆಕ್ಟಿನ್ (ಸಕ್ಕರೆ ಹಿಡಿಯುವ ಪ್ರೋಟೀನ್) ಅಂಟಿಸಿದ ಮಣಿಗಳೊಂದಿಗೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ತಿರುಗಿಸುತ್ತೇನೆ. ಈ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್‌ಗ್ಲುಕೋಸಮೈನ್ ಮತ್ತು ಸಯಾಲಿಕ್ ಆಮ್ಲವನ್ನು, ಮ್ಯಾಟ್ರಿಗ್ಲೈಕಾನನ್ನಲ್ಲ. ಆಲ್ಫಾದ ಮೈಮೇಲೆ ಬೇರೆ ಬಗೆಯ ಸಕ್ಕರೆಗಳೂ ಬೇಕಾದಷ್ಟು ಇರುವುದರಿಂದ ರೋಗಿಯ ಡಿಸ್ಟ್ರೋಗ್ಲೈಕಾನ್ ಕೂಡ ಮಣಿಗೆ ಅಂಟುತ್ತದೆ. ಇದು ಬಹಳ ಮುಖ್ಯ. ಇಲ್ಲವಾದರೆ ಮಣಿಗೆ ಅಂಟದ್ದಕ್ಕೆ ಕಾಣುತ್ತಿಲ್ಲವೋ, ಸರಪಳಿ ಇಲ್ಲದ್ದಕ್ಕೆ ಕಾಣುತ್ತಿಲ್ಲವೋ ಹೇಳಲು ಬರುತ್ತಿರಲಿಲ್ಲ. ತೊಳೆದು, ಕುದಿಸಿ ಬಿಡಿಸಿ, 3ರಿಂದ 15 ಪ್ರತಿಶತದ ಗ್ರೇಡಿಯೆಂಟ್ ಜೆಲ್ ಮೇಲೆ ಓಡಿಸಿ, ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಪೊರೆಗೆ ವರ್ಗಾಯಿಸುತ್ತೇನೆ.

ಇಲ್ಲಿಂದ ಮುಂದಿನದು ನನಗೆ ಅತ್ಯಂತ ಇಷ್ಟವಾದ ಪ್ರಯೋಗ, ಲ್ಯಾಮಿನಿನ್ ಓವರ್‌ಲೇ. ಪ್ರತಿಕಾಯದ ಬದಲು ಆ ಪೊರೆಯ ಮೇಲೆ ನಿಜವಾದ ಲ್ಯಾಮಿನಿನ್ನನ್ನೇ ಸುರಿದು, ಅದು ಅಂಟುತ್ತದೆಯೇ ಎಂದು ನೋಡುವುದು. ಇಲಿಯ ಇಎಚ್‌ಎಸ್ ಗೆಡ್ಡೆಯಿಂದ ತೆಗೆದ ಲ್ಯಾಮಿನಿನ್-111 ಸುಲಭವಾಗಿ ಸಿಗುತ್ತದೆ. ನಮ್ಮ ಸ್ನಾಯುವಿನದ್ದು 211 ಎಂಬ ಬಗೆ, ಆದರೂ 111 ಈ ಸರಪಳಿಯನ್ನು ಚೆನ್ನಾಗಿ ಹಿಡಿಯುತ್ತದೆ. ಫ್ರೀಜರಿನಿಂದ ತೆಗೆದ ಲ್ಯಾಮಿನಿನ್ನನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಬಾರದು, ತನ್ನಷ್ಟಕ್ಕೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಐಸಿನ ಮೇಲೆ ನಿಧಾನಕ್ಕೆ ಕರಗಲು ಬಿಡಬೇಕು. ಬಫರು ಟ್ರೈಎಥನೋಲಮೈನ್‌ನದ್ದು, ಅದರಲ್ಲಿ 140 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಮೆಗ್ನೀಶಿಯಂ, 1 ಮಿಲಿಮೋಲಾರ್ ಕ್ಯಾಲ್ಸಿಯಂ. ಫಾಸ್ಫೇಟ್ ಬಫರನ್ನು ನಾನು ಇಲ್ಲಿ ಹತ್ತಿರ ಸೇರಿಸುವುದಿಲ್ಲ, ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಇಡೀ ಪ್ರಯೋಗ ನಿಂತಿರುವುದೇ ಆ ಕ್ಯಾಲ್ಸಿಯಂ ಮೇಲೆ.

ಯಾಕೆ ಎನ್ನುವುದು 2016ರಲ್ಲಿ ಹರಳಿನ ರಚನೆಯಿಂದ ಕಣ್ಣಿಗೆ ಕಂಡಿತು. ಲ್ಯಾಮಿನಿನ್‌ನ ತುದಿಯ ಎಲ್‌ಜಿ4 ಎಂಬ ಭಾಗದಲ್ಲಿ ಒಂದು ಕ್ಯಾಲ್ಸಿಯಂ ಅಯಾನು ಕುಳಿತಿರುತ್ತದೆ. ಸರಪಳಿಯ ಒಂದು ಗ್ಲುಕ್ಯುರೋನಿಕ್ ಆಮ್ಲ, ಅದರ ಪಕ್ಕದ ಕ್ಸೈಲೋಸ್ ಎರಡೂ ಸೇರಿ ಆ ಕ್ಯಾಲ್ಸಿಯಮ್ಮಿಗೆ ಜೋಡಿಕೊಳ್ಳುತ್ತವೆ. ಪ್ರೋಟೀನು ಒಂದು ಕಡೆ, ಸಕ್ಕರೆ ಒಂದು ಕಡೆ, ನಡುವೆ ಕ್ಯಾಲ್ಸಿಯಂ. ಹಾಗಾಗಿ ನನ್ನ ಪ್ರತಿ ಓವರ್‌ಲೇಯಲ್ಲೂ ಪೊರೆಯ ಒಂದು ತುಂಡನ್ನು ಬೇರೆ ಡಬ್ಬಿಯಲ್ಲಿಟ್ಟು 10 ಮಿಲಿಮೋಲಾರ್ ಇಡಿಟಿಎ ಹಾಕುತ್ತೇನೆ. ಇಡಿಟಿಎ ಕ್ಯಾಲ್ಸಿಯಮ್ಮನ್ನು ಎಳೆದುಕೊಳ್ಳುತ್ತದೆ, ಸಹಜ ಸ್ನಾಯುವಿನ ಪಟ್ಟಿಯೂ ಮಾಯವಾಗುತ್ತದೆ. ಆ ಡಬ್ಬಿಯಲ್ಲೂ ಪಟ್ಟಿ ಉಳಿದರೆ ನಾನು ನೋಡುತ್ತಿರುವುದು ಸಕ್ಕರೆಯ ಹಿಡಿತವಲ್ಲ, ಸುಮ್ಮನೆ ಅಂಟಿದ ಲ್ಯಾಮಿನಿನ್. ಇನ್ನೂ ಅನುಮಾನವಿದ್ದರೆ ಬೀಟಾ ಗ್ಲುಕ್ಯುರೋನಿಡೇಸ್ ಮತ್ತು ಆಲ್ಫಾ ಕ್ಸೈಲೋಸಿಡೇಸ್ ಎರಡನ್ನೂ ಒಟ್ಟಿಗೆ ಕೊಟ್ಟು ಸರಪಳಿಯನ್ನು ತುದಿಯಿಂದ ಕಡಿದು ಹಾಕಬಹುದು. ಒಂದೇ ಕಿಣ್ವ ಕೊಟ್ಟರೆ ಒಂದು ಸಕ್ಕರೆ ಕಳಚಿ ಅಲ್ಲೇ ನಿಲ್ಲುತ್ತದೆ. ಸರಪಳಿಯಲ್ಲಿ ಎರಡು ಸಕ್ಕರೆಗಳು ಒಂದು ಬಿಟ್ಟು ಒಂದು ಇವೆ ಎನ್ನುವುದಕ್ಕೆ ಅದೇ ಸಾಕ್ಷಿ.

ಬ್ಲಾಟನ್ನು ಓದುವುದರಲ್ಲಿ ನನಗೆ ಒಂದು ಹಟ ಇದೆ. ‘ಇದೆ’, ‘ಇಲ್ಲ’ ಎಂದು ಬರೆದು ಮುಗಿಸಬಾರದು. ಪಟ್ಟಿ ಎಲ್ಲಿ ಕೂತಿದೆ ಎನ್ನುವುದೂ ಬರೆಯಬೇಕು. ಮ್ಯಾನೋಸೇ ಇಲ್ಲದಿದ್ದರೆ, ಅಥವಾ ಮೊದಲ ಹೆಜ್ಜೆಗಳಲ್ಲೇ ತಪ್ಪಿದ್ದರೆ ಪ್ರೋಟೀನ್ ಭಾಗದ ಪಟ್ಟಿ ಕೆಳಗೆ ಇಳಿದು ತೆಳ್ಳಗಾಗುತ್ತದೆ, ಐಐಎಚ್6 ಪೂರ್ತಿ ಖಾಲಿ. ಎಫ್‌ಕೆಆರ್‌ಪಿಯ ಸೌಮ್ಯ ಮ್ಯುಟೇಶನ್ (ಜೀನಿನಲ್ಲಿನ ತಪ್ಪು) ಇರುವವರಲ್ಲಿ ಐಐಎಚ್6 ಸ್ಲೈಡಿನ ಮೇಲೆ ಸಹಜದ ಹತ್ತಿರವೇ ಕಾಣಬಹುದು, ಬ್ಲಾಟಿನಲ್ಲಿ ಮಾತ್ರ ಪಟ್ಟಿ ಕೆಳಗೆ ಜಾರಿರುತ್ತದೆ. ಪಿಒಎಂಕೆ ಇಲ್ಲದಾಗ ಸರಪಳಿ ಬರುತ್ತದೆ, ಆದರೆ ಗಿಡ್ಡಗೆ. ಸರಪಳಿಯ ಉದ್ದವೇ ಎಷ್ಟು ಲ್ಯಾಮಿನಿನ್ ಹಿಡಿಯುತ್ತದೆ ಎನ್ನುವುದನ್ನು ನಿರ್ಧರಿಸುವುದರಿಂದ ಗಿಡ್ಡ ಸರಪಳಿಯನ್ನು ‘ಇದೆ’ ಎಂದು ಬರೆದು ಮನೆಯವರನ್ನು ಕಳಿಸುವುದು ಸರಿಯಲ್ಲ. ಸ್ಲೈಡಿನಲ್ಲಿ ಉಳಿದ ಬಣ್ಣಕ್ಕೂ ಕಾಯಿಲೆಯ ತೀವ್ರತೆಗೂ ಯಾವಾಗಲೂ ತಾಳೆಯಾಗುವುದಿಲ್ಲ. ಆದ್ದರಿಂದ ‘ಈ ಮಗು ನಡೆಯುತ್ತದೆ, ನಡೆಯುವುದಿಲ್ಲ’ ಎಂಬ ಮಾತನ್ನು ಬ್ಲಾಟ್ ನೋಡಿ ನಾನು ಎಂದೂ ಹೇಳುವುದಿಲ್ಲ.

ಯಾವ ಕಿಣ್ವ ಎನ್ನುವುದನ್ನು ಈಗ ಜೀನ್ ಪರೀಕ್ಷೆ ಹೇಳುತ್ತದೆ. ತೊಂದರೆ ಬರುವುದು ಹಿಂದೆ ಯಾರೂ ನೋಡಿರದ ಮ್ಯುಟೇಶನ್ ಸಿಕ್ಕಾಗ. ಆಗ ಚರ್ಮದ ಚಿಕ್ಕ ತುಂಡಿನಿಂದ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳನ್ನು ಬೆಳೆಸಿ, ವೈರಸ್ ವಾಹಕದ ಮೂಲಕ ಸರಿಯಾದ ಜೀನನ್ನು ಒಳಗೆ ಕಳಿಸಿ, ಜೀವಕೋಶದ ಮೇಲೆ ಐಐಎಚ್6 ವಾಪಸು ಬರುತ್ತದೆಯೇ ಎಂದು ನೋಡುತ್ತೇವೆ. ಐಎಸ್‌ಪಿಡಿ ಕೊಟ್ಟಾಗ ಮಾತ್ರ ಬಂತು, ಫುಕುಟಿನ್ ಕೊಟ್ಟಾಗ ಬರಲಿಲ್ಲ ಎಂದಾದರೆ ತಪ್ಪು ಎಲ್ಲಿದೆ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಕೋಶಗಳನ್ನು ತಟ್ಟೆಯಿಂದ ಬಿಡಿಸುವಾಗ ಟ್ರಿಪ್ಸಿನ್ ಎಂಬ ಕಿಣ್ವ ಬೇಡ. ನೋಡಬೇಕಾದ್ದು ಕೋಶದ ಹೊರಮೈಯಲ್ಲೇ ಇದೆ, ಟ್ರಿಪ್ಸಿನ್ ಅದನ್ನೇ ಕತ್ತರಿಸಿಬಿಡುತ್ತದೆ.

ಕೆಲವೊಮ್ಮೆ ಕಿಣ್ವ ಸರಿಯಿದ್ದು ಡಿಸ್ಟ್ರೋಗ್ಲೈಕಾನ್ ಜೀನಿನಲ್ಲೇ ಒಂದು ಅಕ್ಷರ ತಪ್ಪಿರುತ್ತದೆ. 2011ರಲ್ಲಿ ವರದಿಯಾದ ಒಬ್ಬ ಮಹಿಳೆಯಲ್ಲಿ 192ನೇ ಜಾಗದ ಥ್ರಿಯೋನಿನ್ ಬದಲು ಮೆಥಿಯೋನಿನ್ ಬಂದಿತ್ತು. ಲಾರ್ಜ್ ಬಂದು ಹಿಡಿದುಕೊಳ್ಳುವ ಭಾಗ ಅದು. ಕಿಣ್ವಕ್ಕೆ ಆಸರೆ ಸರಿಯಾಗಿ ಸಿಗದೆ ಸರಪಳಿ ಕೆಟ್ಟಿತು. ಪಿಒಎಂಜಿಎನ್‌ಟಿ1 ಎಂಬ ಇನ್ನೊಂದು ಕಿಣ್ವದ ಕತೆಯೂ ಇಂಥದ್ದೇ: ಅದು ಸಕ್ಕರೆ ಇಡುವುದು ಬೇರೆ ಕೊಂಬೆಯ ಮೇಲೆ, ಆದರೆ ಫುಕುಟಿನ್ನನ್ನು ಸರಿಯಾದ ಜಾಗಕ್ಕೆ ಕರೆತರುವುದು ಅದೇ. ಸಾಲಿನಲ್ಲಿ ಯಾರು ಯಾರ ಪಕ್ಕ ನಿಲ್ಲುತ್ತಾರೆ ಎನ್ನುವುದೂ ಮುಖ್ಯ ಎಂದು ನನಗೆ ಕಲಿಸಿದ್ದು ಈ ಎರಡು ಉದಾಹರಣೆಗಳು.

ರಿಪೋರ್ಟ್ ವಿವರಿಸುವಾಗ ಒಬ್ಬ ತಾಯಿ ಕೇಳಿದರು, “ಮೇಡಂ, ಸಕ್ಕರೆ ಕಮ್ಮಿ ಇದೆ ಅಂತೀರಲ್ಲ, ಮಗೂಗೆ ಬೆಲ್ಲ ಗಿಲ್ಲ ಜಾಸ್ತಿ ಕೊಡ್ಲಾ?”

“ಇಲ್ಲಮ್ಮ, ನೀವು ಕೊಡೋ ಊಟದಲ್ಲಿ ಏನೂ ಕಮ್ಮಿ ಇಲ್ಲ. ಸಕ್ಕರೆ ಮೈಯಲ್ಲಿದೆ. ಅದನ್ನ ಜೋಡಿಸೋ ಕಿಣ್ವ ಹುಟ್ಟಿನಿಂದ್ಲೇ ಸರಿಯಾಗಿಲ್ಲ. ಇದರಲ್ಲಿ ನಿಮ್ಮ ತಪ್ಪಾಗಲಿ, ಯಜಮಾನರ ತಪ್ಪಾಗಲಿ ಇಲ್ಲ” ಎಂದೆ.

ಅವರ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಬೆಲ್ಲದಿಂದ ಆಗುವುದಿಲ್ಲ ನಿಜ. ಆದರೆ ಎಫ್‌ಕೆಆರ್‌ಪಿ ಪೂರ್ತಿ ಸತ್ತಿರದೆ ನಿಧಾನವಾಗಿದ್ದರೆ, ಅದು ಬಳಸುವ ಸಿಡಿಪಿ-ರೈಬಿಟಾಲ್ ಜಾಸ್ತಿ ಸಿಗುವಂತೆ ಮಾಡಿದರೆ ಕೆಲಸ ಸ್ವಲ್ಪ ಮುಂದುವರಿಯಬಹುದಲ್ಲವೇ? ರೈಬಿಟಾಲ್ ಕುಡಿಸಿದ ಇಲಿಗಳಲ್ಲಿ ಸರಪಳಿ ಹೆಚ್ಚಿದ್ದು 2018ರಲ್ಲಿ ಪ್ರಕಟವಾಯಿತು, ಅದೇ ದಾರಿಯ ಔಷಧ ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೂ ಬಂದಿದೆ. ಇದು ಕೆಲವೇ ಜೀನುಗಳಿಗೆ ಹೊಂದುವ ಉಪಾಯ. ಪಿಒಎಂಟಿ1 ಇಲ್ಲದ ಮಗುವಿಗೆ ರೈಬಿಟಾಲ್ ಕೊಟ್ಟು ಪ್ರಯೋಜನವಿಲ್ಲ, ಅದನ್ನು ಇಡಲು ಕೆಳಗೆ ತಳಪಾಯವೇ ಇರುವುದಿಲ್ಲ. ಯಾವ ಹೆಜ್ಜೆ ತಪ್ಪಿದೆ ಎಂದು ಖಚಿತ ಮಾಡಿಕೊಳ್ಳುವುದು ಇದಕ್ಕೇ ಬೇಕು. ಅಂಗಡಿಯಲ್ಲಿ ಸಿಗುವ ಪುಡಿ ತಂದು ಮನೆಯಲ್ಲೇ ಕೊಡಬೇಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಇನ್ನೊಂದು ಮಾತನ್ನೂ ಮೆತ್ತಗೆ ಹೇಳಬೇಕಾಗುತ್ತದೆ. ಈ ಕಾಯಿಲೆಗಳು ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಅಕ್ಕನ ಮಗಳನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ನಮ್ಮ ಕಡೆ ಇರುವುದರಿಂದ ಒಂದೇ ಅಜ್ಜನ ಒಂದೇ ಮ್ಯುಟೇಶನ್ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಮುಂದಿನ ಪ್ರತಿ ಗರ್ಭದಲ್ಲೂ 25 ಪ್ರತಿಶತ ಸಾಧ್ಯತೆ. ಮ್ಯುಟೇಶನ್ ಗೊತ್ತಿದ್ದರೆ ಗರ್ಭದಲ್ಲೇ ಪರೀಕ್ಷಿಸಬಹುದು.

ಈ ಸರಪಳಿಯನ್ನು ಹಿಡಿಯಲು ಕಾದಿರುವುದು ಲ್ಯಾಮಿನಿನ್ ಒಂದೇ ಅಲ್ಲ. ನರ-ಸ್ನಾಯು ಕೂಡುವಲ್ಲಿ ಅಗ್ರಿನ್, ಮಿದುಳಿನಲ್ಲಿ ನ್ಯೂರೆಕ್ಸಿನ್, ಕಣ್ಣಿನ ಅಕ್ಷಿಪಟದಲ್ಲಿ ಪಿಕಾಚುರಿನ್ ಎಂಬ ಪ್ರೋಟೀನುಗಳಿವೆ. ರೋಗಾಣುಗಳಿಗೂ ಇದು ಗೊತ್ತು. ಪಶ್ಚಿಮ ಆಫ್ರಿಕಾದ ಲಾಸಾ ವೈರಸ್ ಕೋಶದೊಳಗೆ ನುಗ್ಗುವುದು ಇದನ್ನೇ ಹಿಡಿದು. 2013ರಲ್ಲಿ ಆ ವೈರಸ್ಸಿನ ಹೊದಿಕೆ ಪ್ರೋಟೀನನ್ನು ಬಳಸಿ, ಸೋಂಕು ತಗಲದೆ ಉಳಿದ ಕೋಶಗಳಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ಹುಡುಕಿದಾಗ ಈ ಸಾಲಿನ ಹೊಸ ಕಿಣ್ವಗಳು ಸಿಕ್ಕವು. ವೈರಸ್ ಕೊಟ್ಟ ಆ ಪಟ್ಟಿ ಸ್ನಾಯುಕ್ಷಯದ ಮಕ್ಕಳ ರೋಗಪತ್ತೆಗೆ ನೆರವಾಯಿತು. ನಮ್ಮ ದೇಶದಲ್ಲಿ ಇನ್ನೂ ಇರುವ ಕುಷ್ಠರೋಗದ ಬ್ಯಾಕ್ಟೀರಿಯಾ ನರಗಳಿಗೆ ಹೊದಿಕೆಯಾಗಿರುವ ಶ್ವಾನ್ ಕೋಶಗಳನ್ನು ತಲುಪುವುದೂ ಲ್ಯಾಮಿನಿನ್ ಮತ್ತು ಆಲ್ಫಾ ಡಿಸ್ಟ್ರೋಗ್ಲೈಕಾನ್ ಮೂಲಕವೇ, ಅದು 1998ರಲ್ಲೇ ತಿಳಿದ ಸಂಗತಿ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವುದು ಉದ್ದದ ಪ್ರಶ್ನೆ. ಲಾರ್ಜನ್ನು ಹೆಚ್ಚಾಗಿ ತುಂಬಿದರೆ ಕೆಲವು ರೋಗಿಗಳ ಕೋಶಗಳಲ್ಲಿ ಬೇರೆ ಕಿಣ್ವ ಕೆಟ್ಟಿದ್ದರೂ ಲ್ಯಾಮಿನಿನ್ ಹಿಡಿಯುವ ಶಕ್ತಿ ಮರಳುತ್ತದೆ ಎಂದು 2004ರಲ್ಲೇ ತೋರಿಸಿದ್ದಾರೆ. ಹಾಗೆ ಕಟ್ಟಿದ ಸರಪಳಿ ಜೆಲ್ಲಿನಲ್ಲಿ ಸಹಜಕ್ಕಿಂತ ಬಹಳ ಮೇಲೆ ಕೂರುತ್ತದೆ. ರೋಗಿಯ ಸ್ನಾಯುವಿನಲ್ಲಿ ಉಳಿದಿರುವ ಗಿಡ್ಡ ಸರಪಳಿ ಎಷ್ಟು ಗಿಡ್ಡ, ಅದಕ್ಕೆ ತಕ್ಕಂತೆ ಲ್ಯಾಮಿನಿನ್ ಎಷ್ಟು ಕಡಿಮೆ ಅಂಟುತ್ತದೆ ಎಂದು ಒಂದೇ ಬ್ಲಾಟಿನಲ್ಲಿ ಅಳೆಯಲು ನಾನೀಗ ಜೆಲ್ಲನ್ನು ಹೆಚ್ಚು ಹೊತ್ತು ಓಡಿಸಿ ಮೇಲಿನ ಭಾಗವನ್ನು ಬಿಡಿಸಿ ನೋಡುತ್ತಿದ್ದೇನೆ. ಬಯಾಪ್ಸಿ ಕಳಿಸುವ ವೈದ್ಯರಲ್ಲಿ ನನ್ನ ಬೇಡಿಕೆ ಒಂದೇ: ಬ್ಲಾಟಿಗೆ ಸಾಲುವಷ್ಟು ಸ್ನಾಯು, ಫಾರ್ಮಲಿನ್ ಸೋಕದೆ, ಐಸಿನ ಮೇಲೆ, ಅದೇ ದಿನ ಕಳಿಸಿಕೊಡಿ.